ಅಪರ್ಟ್ ಸಿಂಡ್ರೋಮ್ ಇರುವವರ ತೀವ್ರ ಮೊಡವೆಗೆ ಚಿಕಿತ್ಸೆ ಕೊಡಿಸುವ ಬಗೆ

ತಲೆಬುರುಡೆಯ ಮೂಳೆಗಳೂ ಕೈಕಾಲು ಬೆರಳುಗಳೂ ಬೆಸೆದುಕೊಳ್ಳುವ ಅಪರ್ಟ್ ಸಿಂಡ್ರೋಮ್ ಎಂಬ ವಿರಳ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳಿಗೆ ಹದಿವಯಸ್ಸು ಬಂದೊಡನೆ ಮುಖ, ಎದೆ, ಬೆನ್ನುಗಳಲ್ಲಷ್ಟೇ ಅಲ್ಲದೆ ಮುಂದೋಳುಗಳಲ್ಲೂ ಗಂಟುಗಟ್ಟಿದ ಮೊಡವೆಗಳು ಏಳುವುದುಂಟು. ತಲೆಬುರುಡೆಯ ಮೂಳೆಗಳನ್ನು ಅಕಾಲದಲ್ಲಿ ಬೆಸೆಯುವ ಎಫ್‌ಜಿಎಫ್‌ಆರ್‌2 ವಂಶವಾಹಿಯ ದೋಷಕ್ಕೂ ಈ ಮೊಡವೆಗೂ ನೇರ ನಂಟಿದೆ. ಆದ್ದರಿಂದ ಕರಿದ ತಿಂಡಿ ಬಿಡಿಸಿ, ಕಡಲೆಹಿಟ್ಟು ಹಚ್ಚಿ ಕಾಯುತ್ತಾ ಕೂರಬಾರದು. ಮುಖ ಸರಿಯಾಗಿ ತೊಳೆಯುವುದಿಲ್ಲವೆಂದು ಮಗುವನ್ನು ಗದರುವುದಂತೂ ದೊಡ್ಡ ಅನ್ಯಾಯ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಮೊಡವೆಯನ್ನು ಇನ್ನಷ್ಟು ಕೆದಕುತ್ತದೆ.

ಮಂಡ್ಯದವರು ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆಯ, ಮೈಸೂರಿನವರು ಕೆ.ಆರ್. ಆಸ್ಪತ್ರೆಯ ಅಥವಾ ಜೆಎಸ್‌ಎಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಹೋಗುವಾಗ ತಲೆಬುರುಡೆಯ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿ ಮತ್ತು ಕಣ್ಣಿನ ವರದಿಗಳನ್ನು ಮರೆಯದೆ ಒಯ್ಯಬೇಕು. ಈ ಕಾಗದಗಳು ಏಕೆ ಮುಖ್ಯವೆಂದರೆ, ಸಾಮಾನ್ಯ ಮುಲಾಮುಗಳಿಗೂ ಆ್ಯಂಟಿಬಯೋಟಿಕ್‌ಗಳಿಗೂ ಜಗ್ಗದ ಈ ಮೊಡವೆಗೆ ಹೆಚ್ಚಾಗಿ ಫಲ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯು ಅಪರೂಪಕ್ಕೆ ತಲೆಯೊಳಗಿನ ಒತ್ತಡವನ್ನು ಏರಿಸಬಲ್ಲದು. ಅಪರ್ಟ್ ಇರುವವರಲ್ಲಿ ಆ ಒತ್ತಡದ ಅಪಾಯ ಮೊದಲೇ ಇರುತ್ತದೆ. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ಆ ಒತ್ತಡವನ್ನು ಏರಿಸಬಲ್ಲವಾದ್ದರಿಂದ ಅವನ್ನು ಐಸೊಟ್ರೆಟಿನಾಯಿನ್‌ನೊಂದಿಗೆ ಎಂದೂ ಕೊಡಬಾರದು. ತಲೆನೋವು ಬಿಡದಿದ್ದರೆ, ಬೆಳಗ್ಗೆ ವಾಂತಿಯಾದರೆ, ದೃಷ್ಟಿ ಮಂಜಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಪ್ರಮಾಣವನ್ನು ವೈದ್ಯರು ದೇಹದ ತೂಕ ನೋಡಿ ನಿರ್ಧರಿಸುತ್ತಾರೆ. ಕಿಲೋಗೆ ದಿನಕ್ಕೆ 0.5 ರಿಂದ 1 ಮಿಲಿಗ್ರಾಂ ರೂಢಿಯಲ್ಲಿದ್ದರೂ, ಆರಂಭದಲ್ಲಿ ಮೊಡವೆ ಉಲ್ಬಣಿಸದಿರಲೆಂದು ಇನ್ನೂ ಕಡಿಮೆಯಿಂದ ಶುರುಮಾಡುವುದುಂಟು. ಮಾತ್ರೆಯನ್ನು ಊಟದೊಂದಿಗೇ ನುಂಗಬೇಕು, ಏಕೆಂದರೆ ಜಿಡ್ಡಿನಂಶವಿಲ್ಲದೆ ಅದು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಯಕೃತ್ತು ಹಾಗೂ ರಕ್ತದ ಕೊಬ್ಬಿನ ಪರೀಕ್ಷೆಯನ್ನು ಮೊದಲೂ ನಡುವೆಯೂ ಮಾಡಿಸಬೇಕು. ವಿಟಮಿನ್ ಎ ಮಾತ್ರೆ ಬೇಡ.

ಈ ಮಾತ್ರೆ ನುಂಗುವ ಬಹುತೇಕ ಎಲ್ಲರಿಗೂ ತುಟಿ ಒಡೆಯುವುದು ಇದ್ದದ್ದೇ, ವ್ಯಾಸಲೀನ್ ಸಾಕು. ಕಣ್ಣಿನ ವಿಷಯ ಹಾಗಲ್ಲ: ಅಪರ್ಟ್‌ನಲ್ಲಿ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚಿ ರೆಪ್ಪೆ ಪೂರ್ತಿ ಮುಚ್ಚದಿರಬಹುದು; ಅದರ ಮೇಲೆ ಮಾತ್ರೆಯ ಶುಷ್ಕತೆಯೂ ಸೇರಿದರೆ ಕರಿಗುಡ್ಡೆಗೆ ಗಾಯವಾಗಬಹುದು. ಆದ್ದರಿಂದ ಕಣ್ಣಿನ ವೈದ್ಯರು ಸೂಚಿಸಿದ ಹನಿಗಳನ್ನು ಮೊದಲ ದಿನದಿಂದಲೇ ಹಾಕಬೇಕು. ಬೆರಳು ಮಡಚಲಾಗದವರಿಗೆ ಬೆನ್ನಿಗೆ ಔಷಧಿ ಹಚ್ಚಲು ಮನೆಯವರೇ ನೆರವಾಗಬೇಕು.

ಈ ಮಾತ್ರೆ ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಮಾಡುತ್ತದೆ. ಯುವತಿಯರು ಚಿಕಿತ್ಸೆಗೆ ಒಂದು ತಿಂಗಳು ಮೊದಲಿನಿಂದ ಅದು ಮುಗಿದ ಒಂದು ತಿಂಗಳವರೆಗೆ ಗರ್ಭ ಧರಿಸಬಾರದು, ಮಾತ್ರೆ ನುಂಗುವಾಗಲೂ ಬಿಟ್ಟ ಒಂದು ತಿಂಗಳವರೆಗೂ ಯಾರೂ ರಕ್ತದಾನ ಮಾಡಬಾರದು. ಬಿಟ್ಟ ಮೇಲೆ ಮೊಡವೆ ಮರುಕಳಿಸಿದರೆ ಎದೆಗುಂದದೆ ಅದೇ ವೈದ್ಯರಲ್ಲಿಗೆ ಹೋಗಿ. ಎರಡನೆಯ ಸುತ್ತಿನ ಚಿಕಿತ್ಸೆಗೆ ಅವಕಾಶವಿದೆ.