ಸಂಗೀತ ಶಾಲೆಗೆ ಪ್ರತಿಷ್ಠಾನದ ಅನುದಾನ: ಅರ್ಜಿ ಬರೆಯುವುದು ಹೇಗೆ?

ಪರಿಚಯದ ಸಂಗೀತ ಶಾಲೆಗಳು ಮತ್ತು ಸಂಗೀತ ಕಛೇರಿಗಳನ್ನು ಏರ್ಪಡಿಸುವ ಸಭೆಗಳು ಬರೆದ ಅನುದಾನದ ಅರ್ಜಿಗಳನ್ನು ಓದಿ ತಿದ್ದಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬಹುಪಾಲು ಅರ್ಜಿಗಳು ಸಾಮವೇದದಿಂದ ಆರಂಭವಾಗಿ, ಪುರಂದರದಾಸರನ್ನು ಹಾದು, ಎರಡು ಪುಟ ಸಂಗೀತದ ಹಿರಿಮೆಯನ್ನು ಕೊಂಡಾಡಿ, ಕೊನೆಯ ಸಾಲಿನಲ್ಲಿ ಐದು ಲಕ್ಷ ರೂಪಾಯಿ ಸಹಾಯಧನ ಮಂಜೂರು ಮಾಡಬೇಕೆಂದು ವಿನಂತಿಸುತ್ತವೆ. ಆ ಐದು ಲಕ್ಷದಲ್ಲಿ ಯಾರಿಗೆ, ಎಷ್ಟು ದಿನ, ಯಾವ ಪಾಠ ನಡೆಯುತ್ತದೆ ಎಂಬುದು ಎಲ್ಲಿಯೂ ಇರುವುದಿಲ್ಲ. ನಿಷ್ಠೆಯಿಂದ ಪಾಠ ಹೇಳುವ ಶಾಲೆಗಳೇ ಹೀಗೆ ಬರಿಗೈಯಲ್ಲಿ ಉಳಿಯುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಸಂಗೀತಕ್ಕಾಗಿ ಕೈಚಾಚುವುದು ನಮ್ಮಲ್ಲಿ ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಕೊಟ್ಟದ್ದು ಭಕ್ತರ ಕಾಣಿಕೆ ಮತ್ತು ನಾಟಕ ಕಂಪನಿಯ ದುಡಿಮೆಯಿಂದ. ಪುಟ್ಟರಾಜ ಗವಾಯಿಗಳಿಗೆ ಊರೂರಿನಲ್ಲಿ ನಡೆದ ತುಲಾಭಾರಗಳೂ ಆಶ್ರಮದ ಒಲೆಯನ್ನು ಉರಿಸಿದವು. ಆದರೆ ಭಕ್ತನು ಗುರುವಿನ ಮುಖ ನೋಡಿ ಕೊಡುತ್ತಾನೆ, ಪ್ರತಿಷ್ಠಾನವು ಕಾಗದ ನೋಡಿ ಕೊಡುತ್ತದೆ. ನಮ್ಮ ಶಾಲೆಯನ್ನು ಎಂದೂ ಕಾಣದ ಅಧಿಕಾರಿಯೊಬ್ಬರು ಆ ಕಾಗದವನ್ನು ಹಿಡಿದುಕೊಂಡು ತಮ್ಮ ಸಮಿತಿಯ ಮುಂದೆ ನಮ್ಮ ಪರವಾಗಿ ಮಾತನಾಡಬೇಕಾಗುತ್ತದೆ.

ಮೊದಲ ಹೆಜ್ಜೆ: ದಾಖಲೆಗಳು

ಟ್ರಸ್ಟ್ ಪತ್ರ ಅಥವಾ ಸಂಘದ ನೋಂದಣಿ, ಪ್ಯಾನ್, 12ಎ ಮತ್ತು 80ಜಿ ಎಂದು ರೂಢಿಯಲ್ಲಿರುವ ಆದಾಯ ತೆರಿಗೆ ನೋಂದಣಿಗಳು, ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಬೇಕಿದ್ದರೆ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿ ಸಂಖ್ಯೆ: ಇಷ್ಟನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳಿ. ಇದನ್ನು ಯಾವ ಲೆಕ್ಕಪರಿಶೋಧಕರಾದರೂ ಮಾಡಿಕೊಡುತ್ತಾರೆ. ಮಂಜೂರಾದ ಹಣದಲ್ಲಿ ಶೇಕಡಾವಾರು ಪಾಲು ಕೇಳುವ ಮಧ್ಯವರ್ತಿಗಳಿಗೆ ಮಾತ್ರ ಈ ಕೆಲಸವನ್ನು ಖಂಡಿತ ಒಪ್ಪಿಸಬೇಡಿ. ಅವರು ಹತ್ತು ಸಂಸ್ಥೆಗಳಿಗೆ ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಕೊಡುತ್ತಾರೆ. ಮೈಸೂರಿನ ಶಾಲೆಯೊಂದರ ಅರ್ಜಿಯ ನಾಲ್ಕನೆಯ ಪುಟದಲ್ಲಿ ಬೇರೊಂದು ಜಿಲ್ಲೆಯ ಕಸೂತಿ ಕೇಂದ್ರದ ಹೆಸರು ಉಳಿದುಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಎರಡನೆಯ ಹೆಜ್ಜೆ: ಯಾರನ್ನು ಕೇಳಬೇಕು?

ಎಲ್ಲ ಪ್ರತಿಷ್ಠಾನಗಳೂ ಒಂದೇ ಬಗೆಯವಲ್ಲ. ಕೆಲವು ತಾವೇ ಸಂಸ್ಥೆಗಳನ್ನು ಕಟ್ಟಿ ನಡೆಸುತ್ತವೆ ಅಥವಾ ದೊಡ್ಡ ಸಂಸ್ಥೆಗಳ ಬೆನ್ನಿಗೆ ನಿಲ್ಲುತ್ತವೆ. 1969ರಲ್ಲಿ ಆರಂಭವಾದ ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರಕ್ಕೆ ಟಾಟಾ ಬಳಗ ನೀಡಿದ ಆಸರೆ ಮತ್ತು ಕೋಲ್ಕತ್ತದಲ್ಲಿ ಗುರುಶಿಷ್ಯ ಪರಂಪರೆಯಂತೆ ಹಿಂದೂಸ್ತಾನಿ ಸಂಗೀತ ಕಲಿಸುವ ಐಟಿಸಿಯ ಸಂಗೀತ ಸಂಶೋಧನ ಅಕಾಡೆಮಿ ಈ ಸಾಲಿಗೆ ಸೇರುತ್ತವೆ. ಇನ್ನು ಕೆಲವು ಸ್ಥಳೀಯ ಸಂಸ್ಥೆಯೊಂದರ ಜೊತೆಗೂಡಿ ಕೆಲಸ ಮಾಡುತ್ತವೆ. ಇನ್ಫೋಸಿಸ್ ಪ್ರತಿಷ್ಠಾನ ಮತ್ತು ಬೆಂಗಳೂರಿನ ಭಾರತೀಯ ವಿದ್ಯಾಭವನ ಸೇರಿ ನಾಡಿನ ಕಲಾವಿದರಿಗೆ ವೇದಿಕೆ ಒದಗಿಸಿದ್ದು ಇಂಥ ಕೆಲಸ. ಮೂರನೆಯ ಬಗೆಯದು ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. ಅದು ಕಲಾವಿದರ ಮತ್ತು ಸಂಶೋಧಕರ ಯೋಜನೆಗಳಿಗೆ ಅನುದಾನ ನೀಡುವುದರ ಜೊತೆಗೆ, ‘ಕಲಿ–ಕಲಿಸು’ ಎಂಬ ತನ್ನ ಕಾರ್ಯಕ್ರಮದಡಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರನ್ನೂ ಬೆಂಬಲಿಸುತ್ತ ಬಂದಿದೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ತತ್ವಪದವನ್ನೋ ಸೋಬಾನೆ ಪದವನ್ನೋ ಕಲಿಸುವ ಶಿಕ್ಷಕರು ಕಂಪನಿಗಳ ಬಾಗಿಲಿಗೆ ಹೋಗುವ ಮುನ್ನ ಇಲ್ಲಿ ವಿಚಾರಿಸುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಕಛೇರಿಯನ್ನಲ್ಲ, ಕಲಿಕೆಯನ್ನು ಮುಂದಿಡಿ

ನಮ್ಮ ಊರಿನ ಸಭೆ ಮೊದಲ ಸಲ ಅರ್ಜಿ ಹಾಕಿದ್ದು ರಾಮನವಮಿಯ ಮೂರು ದಿನಗಳ ಕಛೇರಿಗಳಿಗಾಗಿ. ವೇದಿಕೆಯ ಹಿಂದೆ ಕಂಪನಿಯ ಹೆಸರನ್ನು ದೊಡ್ಡದಾಗಿ ಹಾಕಿಸುತ್ತೇವೆ ಎಂದು ಅದರಲ್ಲಿ ವಿಶೇಷವಾಗಿ ಬರೆದಿದ್ದೆವು. ಅರ್ಜಿ ತಿರಸ್ಕೃತವಾಯಿತು, ಆ ಮಾತೇ ನಮಗೆ ಮುಳುವಾಗಿತ್ತು.

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ಈ ವೆಚ್ಚಕ್ಕೆ ಸಲ್ಲುವ ಕೆಲಸಗಳ ಪಟ್ಟಿಯಾದ, ಅದೇ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಇದೆ. ಆದರೆ ತನ್ನ ಪ್ರಚಾರದ ಲಾಭಕ್ಕಾಗಿ ಕಂಪನಿ ನೀಡುವ ಪ್ರಾಯೋಜಕತ್ವವು ಈ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳು ಸಲ್ಲವು, ಯೋಜನಾ ರೂಪದ ಕೆಲಸವೇ ಬೇಕು ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಕಛೇರಿಯ ಖರ್ಚಿಗೆ ಊರಿನ ಅಂಗಡಿ, ಸಹಕಾರಿ ಬ್ಯಾಂಕುಗಳ ಜಾಹೀರಾತನ್ನು ಕೇಳಿ. ಪ್ರತಿಷ್ಠಾನವನ್ನು ಪಾಠಕ್ಕಾಗಿ ಕೇಳಿ.

ಪಾಠದ ವಿವರಣೆಯಲ್ಲಿ ‘ಸಂಸ್ಕೃತಿಯ ಉಳಿವು’ ಎಂಬಂಥ ಮಾತುಗಳನ್ನು ಬಿಟ್ಟು, ಹತ್ತು ತಿಂಗಳ ಕೊನೆಗೆ ಎಷ್ಟು ಮಕ್ಕಳು ಸಪ್ತತಾಳದ ಅಲಂಕಾರಗಳನ್ನು (ಏಳು ತಾಳಗಳ ಸ್ವರಾಭ್ಯಾಸಗಳನ್ನು) ಮೂರು ಕಾಲದಲ್ಲಿ, ಅಂದರೆ ಮೂರು ವೇಗಗಳಲ್ಲಿ, ತಾಳ ತಪ್ಪದೆ ಹಾಡುತ್ತಾರೆ, ಎಷ್ಟು ಮಕ್ಕಳು ಆರಂಭದ ಹಾಡುಗಳಾದ ಪಿಳ್ಳಾರಿ ಗೀತೆಗಳನ್ನು ಮುಗಿಸುತ್ತಾರೆ ಎಂದು ಬರೆಯಿರಿ. ಸಂಗೀತ ತಿಳಿಯದ ಅಧಿಕಾರಿಗೂ ಇದು ಅರ್ಥವಾಗುತ್ತದೆ, ಏಕೆಂದರೆ ಇದನ್ನು ಎಣಿಸಬಹುದು.

ನಾಲ್ಕನೆಯ ಹೆಜ್ಜೆ: ಆಯವ್ಯಯ ಪಟ್ಟಿ

ಅರ್ಜಿಗಳು ಬಹುತೇಕ ಬಿದ್ದುಹೋಗುವುದು ಇಲ್ಲಿ. ಅಧಿಕಾರಿಗಳು ಮೊದಲು ತೆರೆಯುವುದೂ ಇದೇ ಪುಟವನ್ನು.

ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗಾಯನ ಕಲಿಸುತ್ತಿರುವ ಶಿಕ್ಷಕಿಯೊಬ್ಬರು ತಮ್ಮ ಪಟ್ಟಿಯನ್ನು ನನಗೆ ತೋರಿಸಿದರು. ಜಮಖಾನೆ, ಮೈಕ್, ಶ್ರುತಿಪೆಟ್ಟಿಗೆ, ವಾರ್ಷಿಕೋತ್ಸವದ ಊಟ ಎಲ್ಲವೂ ಅದರಲ್ಲಿದ್ದವು. ಗುರುಗಳ ಗೌರವಧನ ಎಂಬ ಸಾಲಿನ ಮುಂದೆ ಸೊನ್ನೆ ಇತ್ತು. ಕೇಳಿದಾಗ, “ಪಾಠಕ್ಕೆ ದುಡ್ಡು ಅಂತ ಬರೆಯೋಕೆ ಕೈ ಬರಲಿಲ್ಲ ಸರ್” ಎಂದರು. ಅವರ ಸಂಕೋಚದ ಹಿಂದೆ ಇರುವ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ಆ ಸೊನ್ನೆಯನ್ನು ನೋಡಿದ ಅಧಿಕಾರಿಗೆ ಕಾಣುವುದು ಶ್ರದ್ಧೆಯಲ್ಲ. ಕಲಿಸುವವರಿಗೆ ಏನೂ ಇಲ್ಲದ ಮೇಲೆ ಈ ತರಗತಿ ಎಷ್ಟು ತಿಂಗಳು ನಡೆದೀತು ಎಂಬ ಅನುಮಾನ ಅವರನ್ನು ಕಾಡುತ್ತದೆ. ಗೌರವಧನವೇ ಪಟ್ಟಿಯ ಮೊದಲ ಸಾಲಾಗಿರಬೇಕು, ಅದೇ ದೊಡ್ಡ ಮೊತ್ತವೂ ಆಗಿರಬೇಕು.

ಆ ಮೊತ್ತವನ್ನು ಒಟ್ಟಾಗಿ ಬರೆಯದೆ ಬಿಡಿಸಿ ತೋರಿಸಿ. ಇಬ್ಬರು ಶಿಕ್ಷಕರು, ವಾರಕ್ಕೆ ತಲಾ ಎರಡು ತರಗತಿ, 40 ವಾರಗಳು ಎಂದರೆ 160 ತರಗತಿಗಳಾದವು. ತರಗತಿಗೆ 800 ರೂಪಾಯಿಯಂತೆ 1,28,000 ರೂಪಾಯಿ. 40 ಮಕ್ಕಳಿದ್ದರೆ ಒಂದು ಮಗುವಿಗೆ ವರ್ಷಕ್ಕೆ 3,200 ರೂಪಾಯಿ ಬೋಧನಾ ವೆಚ್ಚ. ಈ ಕೊನೆಯ ಸಂಖ್ಯೆಯನ್ನು ತಪ್ಪದೆ ಬರೆಯಿರಿ, ಸಮಿತಿಯ ಸಭೆಯಲ್ಲಿ ಬಾಯಿಂದ ಬಾಯಿಗೆ ಹೋಗುವುದು ಅದೊಂದೇ. ದರವನ್ನು ನಿಮ್ಮ ಊರಿನ ವಾಡಿಕೆಗೆ ತಕ್ಕಂತೆ ಹಾಕಿ, ಆದರೆ ಮಂಜೂರಾಗಲಿ ಎಂಬ ಆಸೆಯಿಂದ ಇಳಿಸಬೇಡಿ. ಒಮ್ಮೆ ಇಳಿಸಿದ ದರವನ್ನು ಮರುವರ್ಷ ಏರಿಸಿಕೊಳ್ಳುವುದು ಬಹಳ ಕಷ್ಟ.

ವಾದ್ಯಗಳ ಸಾಲಿನಲ್ಲಿ ಎಲ್ಲರೂ ಖರೀದಿಯನ್ನು ಬರೆಯುತ್ತಾರೆ, ದುರಸ್ತಿಯನ್ನು ಮರೆಯುತ್ತಾರೆ. ಹತ್ತು ಮಕ್ಕಳು ಸರದಿಯಂತೆ ನುಡಿಸುವ ಮೃದಂಗದ ಚರ್ಮದ ಮುಚ್ಚಿಗೆ ಮನೆಯಲ್ಲಿ ಒಬ್ಬರೇ ನುಡಿಸುವ ಮೃದಂಗದಷ್ಟು ಕಾಲ ಬಾಳುವುದಿಲ್ಲ, ಮಳೆಗಾಲದ ತೇವಕ್ಕೆ ಅದರ ನಾದವೂ ಇಳಿಯುತ್ತದೆ. ವೀಣೆಯ ಮೇಣ ಹಳತಾಗಿ ಅದರಲ್ಲಿ ಕೂರಿಸಿದ 24 ಮೆಟ್ಟಿಲುಗಳು ಸ್ಥಾನ ತಪ್ಪಿದಾಗ, ಅವನ್ನು ಮತ್ತೆ ಕೂರಿಸಬಲ್ಲ ಕುಶಲಕರ್ಮಿಯನ್ನು ಕರೆಸಬೇಕಾಗುತ್ತದೆ, ಅವರ ಬಸ್ ಚಾರ್ಜನ್ನೂ ಕೊಡಬೇಕಾಗುತ್ತದೆ. ದುರಸ್ತಿಗೆ ಹಣವಿಲ್ಲದ ಕಾರಣ ಅನುದಾನದ ವೀಣೆಗಳು ಬೀರುವಿನ ಮೇಲೆ ಧೂಳು ತಿನ್ನುತ್ತಿರುವುದನ್ನು ನೋಡಿದವರಿಗೆ ಈ ಮಾತಿನ ನೋವು ತಿಳಿಯುತ್ತದೆ. ವಾದ್ಯಕ್ಕೊಂದರಂತೆ ವಾರ್ಷಿಕ ದುರಸ್ತಿಯ ಸಾಲನ್ನು ಸೇರಿಸಿ.

ಅಗ್ಗಕ್ಕೆ ಸಿಗುತ್ತವೆಂದು ಹತ್ತು ಕೀಬೋರ್ಡ್‌ಗಳನ್ನು ಪಟ್ಟಿಗೆ ಸೇರಿಸಬೇಡಿ. ಸ್ಥಿರ ಸ್ವರಗಳ ಆ ಮನೆಗಳಲ್ಲಿ ಸ್ವರವನ್ನು ಬಳುಕಿಸುವ ಗಮಕ ಹುಟ್ಟುವುದಿಲ್ಲ, ಎಳೆಯ ಕಿವಿ ಅದಕ್ಕೇ ಒಗ್ಗಿಹೋಗುತ್ತದೆ. ಆ ಹಣದಲ್ಲಿ ಒಂದು ಒಳ್ಳೆಯ ತಂಬೂರಿ ಕೊಳ್ಳಿ. ಮೊಬೈಲ್‌ನ ಶ್ರುತಿ ದಿನನಿತ್ಯದ ಅಭ್ಯಾಸಕ್ಕೆ ಸಾಕು, ಆದರೆ ತಂಬೂರಿಯ ಪಕ್ಕದಲ್ಲಿ ಕುಳಿತು ತಾವೇ ಮೀಟಿ ಶ್ರುತಿ ಸೇರಿಸಿದ ಮಕ್ಕಳ ಆಧಾರ ಸ್ವರವಾದ ಷಡ್ಜವೇ ಬೇರೆ.

ದೇವಸ್ಥಾನದ ಸಭಾಂಗಣವನ್ನೋ ಶಾಲೆಯ ಕೊಠಡಿಯನ್ನೋ ಬಾಡಿಗೆಯಿಲ್ಲದೆ ಬಳಸುತ್ತಿದ್ದರೆ, ಅದರ ಬಾಡಿಗೆಯ ಮೌಲ್ಯವನ್ನು ‘ಸಂಸ್ಥೆಯ ಪಾಲು’ ಎಂಬ ಶೀರ್ಷಿಕೆಯಡಿ ತೋರಿಸಿ. ‘ಇತರೆ ಖರ್ಚು’ ಎಂಬ ಸಾಲು ದೊಡ್ಡದಾದಷ್ಟೂ ಅನುಮಾನ ಹೆಚ್ಚುತ್ತದೆ. ನಾನಾದರೆ ಆ ಸಾಲನ್ನು ಬರೆಯುವುದೇ ಇಲ್ಲ. ಕೊಳ್ಳುವ ವಾದ್ಯಗಳಿಗೆ ಎರಡು ಅಂಗಡಿಗಳ ಕೊಟೇಶನ್ ಲಗತ್ತಿಸಿ.

ಉಳಿದ ಹೆಜ್ಜೆಗಳು

ಪ್ರತಿಷ್ಠಾನ ಕೇಳಿದ ನಮೂನೆಯಲ್ಲಿ, ಕೇಳಿದಷ್ಟೇ ಪುಟಗಳಲ್ಲಿ ಕಳುಹಿಸಿ. ಕಂಪನಿಗಳ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಮಾತುಕತೆ ಆರಂಭಿಸಬೇಕು. ಫೆಬ್ರುವರಿಯಲ್ಲಿ ಉಳಿಕೆ ಹಣಕ್ಕಾಗಿ ಓಡಾಡುವ ಅಭ್ಯಾಸ ಶಾಲೆಗೆ ಒಳ್ಳೆಯದಲ್ಲ, ಹಾಗೆ ಬಂದ ಹಣವನ್ನು ಅವಸರದಲ್ಲಿ ಖರ್ಚು ಮಾಡಬೇಕಾಗುತ್ತದೆ.

ಹಣ ಬಂದ ದಿನದಿಂದಲೇ ಪ್ರತ್ಯೇಕ ಲೆಕ್ಕಪುಸ್ತಕವಿಡಿ. ಪ್ರತಿ ತರಗತಿಯ ಹಾಜರಿಗೆ ಶಿಕ್ಷಕರ ಸಹಿ ಮಾಡಿಸಿ. ಮೊದಲ ತಿಂಗಳಲ್ಲಿ ಪ್ರತಿ ಮಗು ಹಾಡಿದ, ಸ್ವರಾಭ್ಯಾಸದ ಮೊದಲ ಪಾಠವಾದ ಸರಳೆ ವರಸೆಯನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಹತ್ತನೆಯ ತಿಂಗಳಲ್ಲಿ ಅದೇ ಮಗುವಿನ ಅಲಂಕಾರವನ್ನು ಮುದ್ರಿಸಿ, ಎರಡನ್ನೂ ಹಣ ಬಳಕೆಯ ಪ್ರಮಾಣಪತ್ರದ ಜೊತೆ ಕಳುಹಿಸಿ. ಹಾರ ತುರಾಯಿಗಳ ಇಪ್ಪತ್ತು ಫೋಟೋಗಳಿಗಿಂತ ಇದು ಹೆಚ್ಚು ಮಾತನಾಡುತ್ತದೆ. ವಾದ್ಯಗಳ ರಸೀದಿ ಶಿಕ್ಷಕರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲೇ ಇರಲಿ. ತಂಬೂರಿ ಶಾಲೆಗೆ ಬಂದ ದಿನವೇ ಅದನ್ನು ದಾಸ್ತಾನು ಪುಸ್ತಕದಲ್ಲಿ ಸಂಖ್ಯೆ ಸಹಿತ ದಾಖಲಿಸಿ, ಅದೇ ಸಂಖ್ಯೆಯ ಚೀಟಿಯನ್ನು ಅದರ ಗವಸಣಿಗೆ ಹೊಲಿಸಿಬಿಡಿ.