ಬೇ ಏರಿಯಾಕ್ಕೆ ಬಂದ ಕನ್ನಡಿಗರಿಗೆ: ಹಣ ಹೂಡುವ ಮೊದಲು ಒಡನಾಟ ನೋಡಿಕೊಳ್ಳಿ

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊಸದಾಗಿ ಬಂದವರು ಹಳಬರನ್ನು ಕಂಡಾಗ ಸಾಮಾನ್ಯವಾಗಿ ಕೇಳುವುದು, ಉಳಿದ ಹಣವನ್ನು ಎಲ್ಲಿ ಹೂಡಬೇಕು ಎಂದು. ಆ ಪ್ರಶ್ನೆಗೆ ಉತ್ತರ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಯಾರ ಮನೆಗೆ ಹೋಗಿ ಬರುತ್ತೀರಿ, ಮಧ್ಯಾಹ್ನ ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತೀರಿ, ವಾರಾಂತ್ಯದಲ್ಲಿ ಯಾರ ಮಾತು ನಿಮ್ಮ ಕಿವಿಗೆ ಬೀಳುತ್ತದೆ ಎಂಬುದನ್ನು ನೀವೇ ತೀರ್ಮಾನಿಸಬೇಕಾಗುತ್ತದೆ. ಮುಂದೆ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದರಲ್ಲಿ ಅದರ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಮೊದಲ ಬಾಗಿಲು ಕನ್ನಡ ಕೂಟ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲಿ ಆರಂಭವಾದದ್ದು. ಐದು ದಶಕಗಳನ್ನು ದಾಟಿದ ಈ ಸಂಸ್ಥೆಯಲ್ಲಿ ನಿವೃತ್ತ ಎಂಜಿನಿಯರುಗಳೂ ಇದ್ದಾರೆ, ಕಳೆದ ತಿಂಗಳು ವಿಮಾನ ಇಳಿದವರೂ ಇದ್ದಾರೆ. ಟಿಕೆಟ್ ಕೊಂಡು ಯುಗಾದಿಯ ಕಾರ್ಯಕ್ರಮ ನೋಡಿ, ಹೋಳಿಗೆ ಊಟ ಮುಗಿಸಿ ಮನೆಗೆ ಮರಳಿದರೆ ಪರಿಚಯ ಬೆಳೆಯುವುದಿಲ್ಲ, ಏಕೆಂದರೆ ಬಂದವರೆಲ್ಲ ತಮಗೆ ಗೊತ್ತಿರುವವರ ಮೇಜಿನ ಸುತ್ತಲೇ ಕೂರುತ್ತಾರೆ. ಸ್ವಯಂಸೇವಕರಾಗಿ ಹೆಸರು ಕೊಡಿ. ನೋಂದಣಿ ಮೇಜಿನ ಹಿಂದೆ ನಿಂತು ಕೈಪಟ್ಟಿ ಕಟ್ಟುವವರಿಗೆ ಒಂದೇ ಬೆಳಿಗ್ಗೆ ನೂರಾರು ಕುಟುಂಬಗಳ ಮುಖ ಪರಿಚಯವಾಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿ, ಉಳಿದ ಚಿತ್ರಾನ್ನವನ್ನು ಡಬ್ಬಿಗಳಿಗೆ ತುಂಬುವ ಹೊತ್ತಿನಲ್ಲಿ ದೊಡ್ಡ ಕಂಪನಿಯೊಂದರ ನಿರ್ದೇಶಕರು ನಿಮ್ಮ ಪಕ್ಕದಲ್ಲೇ ಕಸದ ಚೀಲ ಹಿಡಿದು ನಿಂತಿರಬಹುದು. ಅಲ್ಲಿ ಯಾರೂ ಹುದ್ದೆ ಕೇಳುವುದಿಲ್ಲ. ಹೇಳಿದ ಸಮಯಕ್ಕೆ ಬಂದಿರಾ, ಒಪ್ಪಿಕೊಂಡ ಕೆಲಸ ಮುಗಿಸಿದಿರಾ ಎಂಬುದನ್ನು ಮಾತ್ರ ಎಲ್ಲರೂ ಗಮನಿಸುತ್ತಾರೆ. ಮುಂದೊಂದು ದಿನ ನಿಮ್ಮ ಹೆಸರನ್ನು ಇನ್ನೊಬ್ಬರ ಮುಂದೆ ಧೈರ್ಯವಾಗಿ ಹೇಳಲು ಅವರಿಗೆ ಅಷ್ಟು ಸಾಕಾಗುತ್ತದೆ.

ಹೀಗೆ ಮುಖಪರಿಚಯದಷ್ಟೇ ಇರುವವರನ್ನು ಹಗುರವಾಗಿ ಕಾಣಬೇಡಿ. ಮುಂದೆ ನಮ್ಮ ನೆರೆಯ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕರಾಗಿ ಹೆಸರಾದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ನಮ್ಮ ಕೂಟ ಹುಟ್ಟಿದ 1973ರಲ್ಲೇ ಒಂದು ಲೇಖನ ಪ್ರಕಟಿಸಿದರು. ಬಾಸ್ಟನ್ ಬಳಿಯ ಉಪನಗರವೊಂದರಲ್ಲಿ ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇಕಡಾ 17ಕ್ಕಿಂತ ಕಡಿಮೆ ಇದ್ದರು. ಉಳಿದವರಿಗೆ ಸುದ್ದಿ ಬಂದದ್ದು ಯಾವಾಗಲಾದರೊಮ್ಮೆ ಅಥವಾ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳವಾದದ್ದು: ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಮಟ್ಟಿಗೆ ನಿಮಗೂ ಗೊತ್ತಿರುತ್ತದೆ.

ಕಂಪನಿಯೊಂದರ ಅರ್ಜಿಯ ಮೇಲೆ ಸಿಗುವ ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ, ಐ-94ರಲ್ಲಿ (ದೇಶದೊಳಗೆ ಬಂದಾಗ ಕೊಡುವ ದಾಖಲೆ) ಬರೆದಿರುವ ಅವಧಿ ಅದಕ್ಕಿಂತ ಮುಂಚೆ ಮುಗಿಯುವುದಾದರೆ ಇನ್ನೂ ಕಡಿಮೆ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಸಲ್ಲಿಸಿರಬೇಕು. ಲೇಆಫ್ ಆದ ದಿನ ಪರಿಚಯ ಹುಡುಕಲು ಹೊರಟರೆ ತಡವಾಗಿರುತ್ತದೆ, ಆದ್ದರಿಂದ ಕೆಲಸ ಗಟ್ಟಿಯಾಗಿರುವಾಗಲೇ ಹಳೆಯ ಸಹೋದ್ಯೋಗಿಗಳೊಂದಿಗೆ ತಿಂಗಳಿಗೊಮ್ಮೆ ಕಾಫಿ ಕುಡಿಯುವ ರೂಢಿ ಇಟ್ಟುಕೊಳ್ಳಿ. ರೆಫರಲ್, ಅಂದರೆ ಕಂಪನಿಯ ಒಳಗಿನವರ ಶಿಫಾರಸು, ಕೇಳುವಾಗಲೂ ಒಂದು ಕ್ರಮವಿದೆ. "ಸರ್, ನಿಮ್ಮಲ್ಲಿ ಏನಾದರೂ ಓಪನಿಂಗ್ ಇದೆಯಾ?" ಎಂಬ ವಾಟ್ಸಾಪ್ ಸಂದೇಶಕ್ಕೆ ಉತ್ತರ ಬರುವುದಿಲ್ಲ. ಯಾವ ಹುದ್ದೆ, ಅದರ ಸಂಖ್ಯೆ ಏನು, ಅದಕ್ಕೆ ನಿಮ್ಮ ಯಾವ ಅನುಭವ ಹೊಂದುತ್ತದೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು, ರೆಸ್ಯೂಮೆ ಲಗತ್ತಿಸಿ ಕಳುಹಿಸಿದರೆ ಅವರು ಅದನ್ನು ಹಾಗೆಯೇ ಮುಂದಕ್ಕೆ ರವಾನಿಸಬಹುದು. ಫಲಿತಾಂಶ ಏನೇ ಆಗಲಿ, ಅದನ್ನು ಅವರಿಗೆ ತಿಳಿಸುವುದು ಮರ್ಯಾದೆ.

ಹಣದ ವಿಷಯದಲ್ಲಿ ಹಳಬರಿಂದ ಸಿಗುವ ಲಾಭ ಬೇರೆ ಬಗೆಯದು. ಅವರು ಶೇರಿನ ಹೆಸರು ಹೇಳುವುದಕ್ಕಿಂತ, ಎಲ್ಲಿ ಕಾಲು ಜಾರುತ್ತದೆ ಎಂದು ಹೇಳಿದರೆ ಹೆಚ್ಚು ಉಪಯೋಗ. ನಿವೃತ್ತಿ ಉಳಿತಾಯದ 401(ಕೆ) ಖಾತೆಗೆ ಕಂಪನಿ ತನ್ನ ಕಡೆಯಿಂದ ಸೇರಿಸುವ ಪಾಲನ್ನು ಪೂರ್ತಿ ಪಡೆಯಿರಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಸಂಬಳದ ಭಾಗವಾಗಿ ಕೈಸೇರಿದ ಕಂಪನಿ ಶೇರುಗಳ ಮೇಲೆ ಫೆಡರಲ್ ತೆರಿಗೆಯೆಂದು ಸಾಮಾನ್ಯವಾಗಿ ಶೇಕಡಾ 22 ಮಾತ್ರ ಹಿಡಿಯುತ್ತಾರೆ, ನಿಮ್ಮ ನಿಜವಾದ ದರ ಅದಕ್ಕಿಂತ ಹೆಚ್ಚಿದ್ದರೆ ಏಪ್ರಿಲ್‌ನಲ್ಲಿ ಬಾಕಿ ಕಟ್ಟಬೇಕಾಗುತ್ತದೆ ಎಂಬುದು, ಒಮ್ಮೆ ಕಟ್ಟಿದ ಸಹೋದ್ಯೋಗಿಯಿಂದಲೇ ತಿಳಿಯುವುದು. ಹಾಗೆಯೇ ಭಾರತದ ಖಾತೆಗಳಲ್ಲಿರುವ ಮೊತ್ತ ಒಟ್ಟಾಗಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ (ವಿದೇಶಿ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ) ಸಲ್ಲಿಸಬೇಕು. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಖಾತೆ) ಆಗಿ ಬದಲಿಸಬೇಕು. ಅಲ್ಲಿನ ಮ್ಯೂಚುವಲ್ ಫಂಡ್‌ಗಳಿಗೆ ಇಲ್ಲಿ ಪ್ರತ್ಯೇಕವಾದ, ತಲೆನೋವಿನ ತೆರಿಗೆ ನಿಯಮವಿದೆ. ಇವನ್ನು ಕೂಟದಲ್ಲಿ ಕೇಳಿ ತಿಳಿಯಿರಿ, ಲೆಕ್ಕವನ್ನು ಮಾತ್ರ ಪರವಾನಗಿ ಇರುವ ತೆರಿಗೆ ತಜ್ಞರಿಂದಲೇ ಮಾಡಿಸಿ.

ಇನ್ನು ಎಚ್ಚರಿಕೆಯ ಮಾತು. ಸನ್ನಿವೇಲ್ ಅಥವಾ ಫ್ರೀಮಾಂಟ್‌ನ ದಿನಸಿ ಅಂಗಡಿಯಲ್ಲಿ ನೀವು ತೊಗರಿಬೇಳೆ ಆರಿಸುತ್ತಿರುವಾಗ ಯಾರೋ ಬಂದು "ನೀವು ಕನ್ನಡದವರಾ? ಯಾವ ಊರು?" ಎಂದು ಅಕ್ಕರೆಯಿಂದ ಮಾತಿಗೆಳೆಯುತ್ತಾರೆ, ಮಕ್ಕಳ ವಯಸ್ಸು, ಕಂಪನಿಯ ಹೆಸರು ಕೇಳುತ್ತಾರೆ, ಫೋನ್ ನಂಬರ್ ಪಡೆಯುತ್ತಾರೆ. ಎರಡು ವಾರಗಳಲ್ಲಿ ಚಹಾಕ್ಕೆ ಕರೆ ಬರುತ್ತದೆ, ಅಲ್ಲಿ "ನಮ್ಮ ಮಾರ್ಗದರ್ಶಕರು ನಲವತ್ತಕ್ಕೇ ನಿವೃತ್ತರಾದರು" ಎಂಬ ಕಥೆಯೂ, ವ್ಯಾಪಾರವೊಂದಕ್ಕೆ ಸೇರುವ ಆಹ್ವಾನವೂ ಬರುತ್ತದೆ. ಇದು ಸರಪಳಿ ಮಾರಾಟ, ಅಂದರೆ ಇನ್ನಷ್ಟು ಜನರನ್ನು ಸೇರಿಸಿ ಕಮಿಷನ್ ಪಡೆಯುವ ವ್ಯವಹಾರ. ಇಂಥವುಗಳಿಗೆ ಸೇರುವ ಬಹುಪಾಲು ಜನರಿಗೆ ಸಿಗುವುದು ಅಲ್ಪ, ಅಥವಾ ಏನೂ ಇಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನೇ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಎಚ್-1ಬಿಯಲ್ಲಿರುವವರು ಅರ್ಜಿ ಸಲ್ಲಿಸಿದ ಕಂಪನಿಗಲ್ಲದೆ ಬೇರೆ ಕಡೆ ದುಡಿಯುವಂತಿಲ್ಲ. ಬದಿಗೆ ಬರುವ ಆ ಪುಟ್ಟ ಕಮಿಷನ್ ನಿಮ್ಮ ಗ್ರೀನ್ ಕಾರ್ಡಿಗೇ ಕುತ್ತು ತರಬಹುದು. ಉಳಿತಾಯವೆಂಬ ಹೆಸರಿನಲ್ಲಿ ಜೀವವಿಮೆ ಮಾರುವ ಪರಿಚಿತರೂ ಇದ್ದಾರೆ. ಇಂಥ ಪಾಲಿಸಿಗಳಲ್ಲಿ ಮೊದಲ ವರ್ಷದ ಪ್ರೀಮಿಯಮ್ಮಿನ ದೊಡ್ಡ ಪಾಲು ಏಜೆಂಟರ ಕಮಿಷನ್ನಿಗೇ ಹೋಗುವುದುಂಟು, ಬೇಗ ಬಿಟ್ಟರೆ ದಂಡವೂ ಬೀಳುತ್ತದೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಕಟ್ಟಿದವರಿಗೆ ಸನ್ನಿವೇಲ್ ಗೊತ್ತಿರಲಿಲ್ಲ, ಅಷ್ಟೇ. ಯಾರೇ ಹೂಡಿಕೆಯ ಸಲಹೆ ಕೊಟ್ಟರೂ ಬ್ರೋಕರುಗಳ ಮೇಲೆ ಕಣ್ಣಿಡುವ ಫಿನ್ರಾ ಸಂಸ್ಥೆಯ ಬ್ರೋಕರ್‌ಚೆಕ್‌ನಲ್ಲಿ ಅವರ ಹೆಸರು ಹಾಕಿ ನೋಡಿ, ಅದಕ್ಕೆ ಖರ್ಚಿಲ್ಲ, "ಇದರಲ್ಲಿ ನಿಮಗೆಷ್ಟು ಸಿಗುತ್ತದೆ?" ಎಂದು ನೇರವಾಗಿ ಕೇಳಿ. ನಿಜವಾದ ಹಿತೈಷಿಗಳು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಕನ್ನಡದವರ ನಡುವೆಯೇ ಉಳಿದುಬಿಡುವುದೂ ಒಳ್ಳೆಯದಲ್ಲ. ಬಡ್ತಿಯನ್ನು ತೀರ್ಮಾನಿಸುವ ಸಭೆಯಲ್ಲಿ ಕುಳಿತವರು ನಾನಾ ದೇಶದವರಾಗಿರುತ್ತಾರೆ. ಊಟದ ಬುತ್ತಿ ಬಿಚ್ಚುವಾಗ ವಾರಕ್ಕೆರಡು ದಿನವಾದರೂ ಬೇರೆ ಮೇಜಿಗೆ ಹೋಗಿ. ಸಭೆಯಲ್ಲಿ ಮಾತನಾಡಲು ಅಳುಕಿದ್ದರೆ ಟೋಸ್ಟ್‌ಮಾಸ್ಟರ್ಸ್ ಸೇರಿಕೊಳ್ಳಿ; 1924ರಲ್ಲಿ ಇದೇ ರಾಜ್ಯದ ಸಾಂಟಾ ಆನಾದಲ್ಲಿ ಹುಟ್ಟಿದ ಆ ಸಂಸ್ಥೆಯ ಶಾಖೆಗಳು ದೊಡ್ಡ ಕಚೇರಿಗಳ ಒಳಗೇ ಇರುತ್ತವೆ. ಸ್ವಂತ ಉದ್ಯಮದ ಯೋಚನೆ ಇದ್ದವರಿಗೆ, ದಕ್ಷಿಣ ಏಷ್ಯಾ ಮೂಲದ ಉದ್ಯಮಿಗಳು 1992ರಲ್ಲಿ ಇಲ್ಲಿ ಕಟ್ಟಿದ ಟೈ ಸಂಸ್ಥೆಯ ಸಭೆಗಳು ಪ್ರಯೋಜನಕಾರಿ.

ಕೊನೆಯದಾಗಿ ಮನೆಯ ವಿಚಾರ, ಏಕೆಂದರೆ ಒಡನಾಟದ ಒತ್ತಡ ಹೆಚ್ಚು ಕಾಣುವುದು ಅಲ್ಲೇ. ಗೃಹಪ್ರವೇಶಕ್ಕೆ ಹೋಗಿ ಬಂದ ರಾತ್ರಿಯೇ ಗಂಡ ಹೆಂಡತಿ ಡೌನ್ ಪೇಮೆಂಟಿನ ಲೆಕ್ಕ ಹಾಕತೊಡಗುತ್ತಾರೆ. ಮನೆ ಕೊಂಡವರನ್ನು ಖರ್ಚಿನ ಬಗ್ಗೆ ಕೇಳುವುದು ಸರಿಯೇ, ಆದರೆ ಅವರು ಹೇಳುವ ಆಸ್ತಿ ತೆರಿಗೆಯನ್ನು ನಿಮ್ಮ ಲೆಕ್ಕಕ್ಕೆ ಹಾಗೆಯೇ ಇಳಿಸಿಕೊಳ್ಳಬೇಡಿ. 1978ರಲ್ಲಿ ಬಂದ ಪ್ರೊಪೊಸಿಷನ್ 13 ಎಂಬ ರಾಜ್ಯದ ಕಾನೂನಿನ ಪ್ರಕಾರ ತೆರಿಗೆಯ ಮೂಲ ದರ ಮನೆ ಕೊಂಡ ಬೆಲೆಯ ಶೇಕಡಾ ಒಂದು, ಮೇಲೆ ಸ್ಥಳೀಯ ಬಾಬತ್ತುಗಳು. ತೆರಿಗೆಗೆ ಲೆಕ್ಕ ಹಿಡಿಯುವ ಆ ಬೆಲೆ ವರ್ಷಕ್ಕೆ ಶೇಕಡಾ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಮನೆಗೆ, ಇಪ್ಪತ್ತು ವರ್ಷಗಳ ಹಿಂದೆ ಕೊಂಡವರು ಕಟ್ಟುವ ತೆರಿಗೆ ನೀವು ಕಟ್ಟಬೇಕಾದುದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಮೊದಲು ಅವರು ಮನೆ ಕೊಂಡ ವರ್ಷ ಯಾವುದೆಂದು ಕೇಳಿ, ಆಮೇಲೆ ಮಿಕ್ಕ ಅಂಕಿಗಳನ್ನು ಬರೆದುಕೊಳ್ಳಿ.