ಹೆಂಗ್‌ದಾವ್‌ಹೆಜಿ: ರೈಲಿಗಾಗಿ ಹುಟ್ಟಿದ ಊರನ್ನು ನೋಡುವ ಬಗೆ

ಚೀನಾದ ಈಶಾನ್ಯ ಮೂಲೆಯ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ, ಹಾರ್ಬಿನ್ ಮತ್ತು ಮುದಾನ್‌ಜಿಯಾಂಗ್ ನಗರಗಳ ನಡುವಿನ ಬೆಟ್ಟಸಾಲಿನಲ್ಲಿ ಹೆಂಗ್‌ದಾವ್‌ಹೆಜಿ ಎಂಬ ಸಣ್ಣ ಪಟ್ಟಣವಿದೆ. ಹಳದಿ ಗೋಡೆ, ಬಿಳಿ ಅಂಚಿನ ಅಲ್ಲಿಯ ರಷ್ಯನ್ ಮನೆಗಳು ಕಣ್ಣಿಗೆ ಹಬ್ಬವೇ ಹೌದು. ಆದರೆ ಅವುಗಳನ್ನು ಕೇವಲ ಚೆಂದದ ಕಟ್ಟಡಗಳೆಂದು ನೋಡಿ ಬಂದರೆ ಊರನ್ನು ಅರ್ಧ ಮಾತ್ರ ನೋಡಿದಂತಾಗುತ್ತದೆ. ಇಲ್ಲಿಯ ಹಳೆಯ ಕಟ್ಟಡಗಳು ತಲೆಯೆತ್ತಿದ್ದು ರೈಲಿನ ಕೆಲಸಕ್ಕಾಗಿ. ಆ ಕೆಲಸ ಏನೆಂದು ತಿಳಿದು ಹೋದವರಿಗೆ ಊರು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹೊರಡುವ ಮುನ್ನ ಇತಿಹಾಸವನ್ನು ಸ್ವಲ್ಪ ಓದಿಕೊಳ್ಳುವುದು ಒಳ್ಳೆಯದು. ತನ್ನ ಪೂರ್ವ ತೀರದ ವ್ಲಾಡಿವೊಸ್ಟಾಕ್ ಬಂದರಿಗೆ ಅಮೂರ್ ನದಿಯ ಕಡೆಯಿಂದ ಸುತ್ತುಹಾಕಿ ಹೋಗುವ ಬದಲು ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮೂಲಕ ನೇರವಾಗಿ ಹಳಿ ಹಾಕಲು ರಷ್ಯಾ 1896ರಲ್ಲಿ ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯದೊಡನೆ ಒಪ್ಪಂದ ಮಾಡಿಕೊಂಡಿತು. ಹೀಗೆ ನಿರ್ಮಾಣವಾದ ಚೈನೀಸ್ ಈಸ್ಟರ್ನ್ ರೈಲ್ವೆ ಪಶ್ಚಿಮದ ಮಾಂಜೌಲಿಯಿಂದ ಪೂರ್ವದ ಸುಯಿಫೆನ್‌ಹೆಯವರೆಗೆ ಸುಮಾರು 1,500 ಕಿಲೋಮೀಟರ್ ಸಾಗಿ, 1903ರಲ್ಲಿ ಪೂರ್ಣ ಸಂಚಾರಕ್ಕೆ ತೆರೆದುಕೊಂಡಿತು. 1935ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ಮಂಚೂರಿಯಾದಲ್ಲಿ ಜಪಾನಿನ ಹಿಡಿತದಲ್ಲಿದ್ದ ಮಂಚುಕುವೊ ಎಂಬ ರಾಜ್ಯಕ್ಕೆ ಮಾರಿತು. ಎರಡನೇ ಮಹಾಯುದ್ಧದ ನಂತರ ಕೆಲಕಾಲ ಸೋವಿಯತ್ ಒಕ್ಕೂಟ ಮತ್ತು ಚೀನಾದ ಜಂಟಿ ಆಡಳಿತದಲ್ಲಿದ್ದು, 1952ರ ಕೊನೆಯಲ್ಲಿ ಅದು ಪೂರ್ತಿಯಾಗಿ ಚೀನಾದ ವಶಕ್ಕೆ ಬಂತು.

ಊರು ಇದೇ ಜಾಗದಲ್ಲಿ ಏಕೆ ಬೆಳೆಯಿತೆಂಬುದಕ್ಕೆ ಉತ್ತರ ಏರಿನಲ್ಲಿದೆ. ಹೆಂಗ್‌ದಾವ್‌ಹೆಜಿಯಿಂದ ಪಶ್ಚಿಮಕ್ಕೆ ಹಳಿಯು ಝಾಂಗ್‌ಗುವಾಂಗ್‌ಸಾಯ್ ಬೆಟ್ಟಸಾಲನ್ನು ಹತ್ತಿ ಗಾವ್‌ಲಿಂಗ್‌ಜಿಯ ಎತ್ತರವನ್ನು ಮುಟ್ಟಬೇಕಿತ್ತು. ಅಲ್ಲಿಗೆ ಭಾರದ ಗಾಡಿಯನ್ನು ಒಂದೇ ಉಗಿ ಎಂಜಿನ್ ಎಳೆದೊಯ್ಯಲಾರದ ಕಾರಣ ಹೆಚ್ಚುವರಿ ಎಂಜಿನ್‌ಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ಘಾಟಿಯಲ್ಲಿ ಗಾಡಿಗೆ ಬ್ಯಾಂಕರ್ ಎಂಜಿನ್ ಹಚ್ಚುವುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಎಂಜಿನ್‌ಗಳು ನಿಲ್ಲಲು ಶೆಡ್ಡು, ಅವನ್ನು ನಡೆಸುವವರಿಗೆ ಮನೆ, ಮೇಲಧಿಕಾರಿಗಳಿಗೆ ಬಿಡಾರ, ಕಾವಲಿನವರಿಗೆ ಠಾಣೆ, ಎಲ್ಲರಿಗೂ ಒಂದು ಚರ್ಚು ಬೇಕಾದವು. ಪಟ್ಟಣ ಬೆಳೆದದ್ದು ಹೀಗೆ.

ಆದ್ದರಿಂದ ನೋಟವನ್ನು ಎಂಜಿನ್ ಶೆಡ್ಡಿನಿಂದಲೇ ಆರಂಭಿಸಬೇಕೆಂದು ಒತ್ತಿ ಹೇಳುತ್ತೇನೆ. 1903ರಲ್ಲಿ ಕಟ್ಟಿದ ಈ ಶೆಡ್ಡು ಬೀಸಣಿಗೆಯಂತೆ ಬಾಗಿದ್ದು, ಅದರ 15 ಎತ್ತರದ ಬಾಗಿಲುಗಳು ಒಂದರ ಪಕ್ಕ ಒಂದರಂತೆ ಒಳಬಾಗಿಗೆ ಮುಖಮಾಡಿ ನಿಂತಿವೆ. ಈ ಬಾಗು ಅಲಂಕಾರಕ್ಕಾಗಿ ಬಂದದ್ದಲ್ಲ. ಮುಂದಿನ ಅಂಗಳದ ಟರ್ನ್‌ಟೇಬಲ್ ಮೇಲೆ ಎಂಜಿನ್ನನ್ನು ನಿಲ್ಲಿಸಿ ತಿರುಗಿಸಿ, ಬೇಕಾದ ಅಂಕಣದ ಹಳಿಗೆ ಬಿಡುವ ಏರ್ಪಾಡು ಅದಾದ್ದರಿಂದ, ಹಳಿಗಳೆಲ್ಲ ಒಂದೇ ಕೇಂದ್ರದಿಂದ ಹರಡಲೇಬೇಕಿತ್ತು. ಅಂಗಳದ ನಡುವೆ ನಿಂತು ಒಂದೊಂದು ಬಾಗಿಲಿನ ಕಡೆಗೂ ದಿಟ್ಟಿಸಿದರೆ ಆ ಲೆಕ್ಕಾಚಾರ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಗೆ ಒಂದು ಗಂಟೆಯಾದರೂ ಕೊಡಿ.

ಅಲ್ಲಿಂದ ಹಳೆಯ ನಿಲ್ದಾಣದ ಸುತ್ತ ನಡೆಯುತ್ತ, ನೌಕರರ ಮನೆಗಳನ್ನು ಹವಾಮಾನದ ಕಣ್ಣಿನಿಂದ ನೋಡಿ. ದಪ್ಪ ಗೋಡೆ, ಎರಡು ಪದರದ ಕಿಟಕಿ, ಹಿಮ ಜಾರಿಹೋಗುವಂತೆ ಇಳಿಜಾರಾದ ತಗಡಿನ ಮಾಡು, ಒಲೆಯ ಬಿಸಿಯನ್ನು ಗೋಡೆಯೊಳಗೇ ಸುತ್ತಿಸಿ ಹೊರಬಿಡುವ ಹೊಗೆಗೂಡು, ಇವೆಲ್ಲ ಚಳಿಗೆ ಕೊಟ್ಟ ಉತ್ತರಗಳು. ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಮೂಲೆಗಳಲ್ಲಿ ಕಚ್ಚು ಹಾಕಿ ಕೂಡಿಸಿದ ಮನೆಗಳೂ ಇವೆ; ಮೂಲೆಯ ಜೋಡಣೆಯನ್ನು ಹತ್ತಿರದಿಂದ ಗಮನಿಸಿದರೆ ಬಡಗಿಯ ಕೈಚಳಕ ತಿಳಿಯುತ್ತದೆ. ಮರದಿಂದಲೇ ಕಟ್ಟಿದ ಆರ್ಥೊಡಾಕ್ಸ್ ಚರ್ಚನ್ನು ತಪ್ಪಿಸಿಕೊಳ್ಳಬಾರದು. ಶೆಡ್ಡು, ಚರ್ಚು, ದೊಡ್ಡ ಬಿಳಿ ಕಟ್ಟಡವೆಂದು ಊರವರು ಕರೆಯುವ ವಸತಿಗೃಹ ಮುಂತಾದವು 2006ರಿಂದ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ. ಹಲವು ಮನೆಗಳಲ್ಲಿ ಈಗಲೂ ಸಂಸಾರಗಳಿರುವುದರಿಂದ ಕಿಟಕಿಯೊಳಗೆ ಇಣುಕುವುದಾಗಲಿ, ಕೇಳದೆ ಅಂಗಳಕ್ಕೆ ಕಾಲಿಡುವುದಾಗಲಿ ಸಲ್ಲದು. ಹಳೆಯ ಮಾರ್ಗದಲ್ಲಿ ಗಾಡಿಗಳು ಇನ್ನೂ ಓಡುತ್ತವೆ. ಫೋಟೋಕ್ಕಾಗಿ ಹಳಿಯ ಮೇಲೆ ಇಳಿಯಬೇಡಿ.

ಪ್ರಯಾಣಕ್ಕೆ ಹಾರ್ಬಿನ್ ಅಥವಾ ಮುದಾನ್‌ಜಿಯಾಂಗ್‌ನಲ್ಲಿ ತಂಗಿ, ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಅನುಕೂಲ. ವಿದೇಶಿಯರು ಉಳಿದುಕೊಳ್ಳುವಲ್ಲಿ ಪೊಲೀಸ್ ನೋಂದಣಿ ಕಡ್ಡಾಯವಾದ್ದರಿಂದ ಸಣ್ಣ ಊರಿನಲ್ಲಿ ಕೋಣೆ ಹುಡುಕುವುದಕ್ಕಿಂತ ಇದು ಸಲೀಸು. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಅತಿವೇಗದ ಮಾರ್ಗದಲ್ಲಿ ಹೆಂಗ್‌ದಾವ್‌ಹೆಜಿ ಪೂರ್ವ ಎಂಬ ಹೊಸ ನಿಲ್ದಾಣವಿದೆ. ಇದು ಹಳೆಯ ನಿಲ್ದಾಣವಲ್ಲವೆಂಬುದನ್ನು ನೆನಪಿಟ್ಟು, ಟಿಕೆಟ್ ತೆಗೆಯುವಾಗ ಹೆಸರನ್ನು ಪೂರ್ತಿಯಾಗಿ ಓದಿ. ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಗೆ ಸೇರಿರುವುದರಿಂದ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ಗೂಗಲ್ ನಕ್ಷೆ ಅಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಊರು, ನಿಲ್ದಾಣ, ಹೋಟೆಲುಗಳ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಉಳಿಸಿಕೊಳ್ಳಿ, ಹಣ ಕೊಡಲು ಅಲಿಪೇ ಆ್ಯಪಿಗೆ ನಿಮ್ಮ ಕಾರ್ಡನ್ನು ಮನೆಯಿಂದಲೇ ಜೋಡಿಸಿಕೊಳ್ಳಿ.

ಕಾಲದ ಆಯ್ಕೆಯಲ್ಲಿ ಬೆಳಕಿನ ಲೆಕ್ಕ ಮುಖ್ಯ. ಇಡೀ ಚೀನಾ ಬೀಜಿಂಗ್‌ನ ಒಂದೇ ಗಡಿಯಾರವನ್ನು ಅನುಸರಿಸುವುದರಿಂದ, ಇಷ್ಟು ಪೂರ್ವದಲ್ಲಿರುವ ಊರಿನಲ್ಲಿ ಜೂನ್ ತಿಂಗಳ ಸೂರ್ಯ ಬೆಳಗಿನ ಜಾವ 4 ಗಂಟೆಗೆ ಮುನ್ನವೇ ಮೂಡುತ್ತಾನೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನ 4 ಗಂಟೆಗೆ ಮುನ್ನವೇ ಮುಳುಗುತ್ತಾನೆ. ಚಳಿಗಾಲದಲ್ಲಿ ಹೋಗುವವರು ಮಧ್ಯಾಹ್ನದ ಊಟಕ್ಕೆ ಮೊದಲೇ ಶೆಡ್ಡು ಮತ್ತು ಚರ್ಚನ್ನು ಮುಗಿಸಬೇಕು. ಆಗ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯವಾದ್ದರಿಂದ ಫೋನನ್ನು ಒಳಜೇಬಿನಲ್ಲಿಡಿ, ಬೆಚ್ಚಗಿನ ಕೋಣೆಗೆ ಹೋಗುವ ಮುನ್ನ ಕ್ಯಾಮೆರಾವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ಇಲ್ಲದಿದ್ದರೆ ಮಸೂರದ ಮೇಲೆ ನೀರು ಕಟ್ಟುತ್ತದೆ. ಮೊದಲ ಸಲ ಹೋಗುವವರಿಗೆ ಸೆಪ್ಟೆಂಬರ್ ನನ್ನ ಆಯ್ಕೆ. ಕಾಡು ಬಣ್ಣಕ್ಕೆ ತಿರುಗುತ್ತಿರುತ್ತದೆ, ನಡೆಯುವುದೂ ಹಿತ.

ಸಸ್ಯಾಹಾರಿಗಳು ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸು ಸೇರಿಸಿ ಮಾಡುವ ‘ದಿ ಸಾನ್ ಶಿಯೆನ್’ ಎಂಬ ಈಶಾನ್ಯದ ಪಲ್ಯವನ್ನು ಅನ್ನದೊಡನೆ ಕೇಳಬಹುದು, ಆದರೆ ಮಾಂಸದ ಸಾರು ಹಾಕಬೇಡಿರೆಂಬ ಮಾತನ್ನು ಚೀನೀ ಲಿಪಿಯಲ್ಲಿ ಬರೆದು ತೋರಿಸುವುದು ಕ್ಷೇಮ. ರಷ್ಯನ್ನರಿಂದ ಬಂದ, ‘ಲಿಯೆಬಾ’ ಎಂದು ಕರೆಯುವ ದೊಡ್ಡ ಬ್ರೆಡ್ಡು ಹಾರ್ಬಿನ್‌ನ ಅಂಗಡಿಗಳಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ಸಂಜೆಯೇ ಒಂದನ್ನು ಕೊಂಡು ಚೀಲದಲ್ಲಿಟ್ಟುಕೊಂಡರೆ ದಾರಿಯ ಹಸಿವಿಗೆ ಸಾಕು.